ಜಿರಲೆಗೂ ಒಂದು ಮಡಿ

ನನ್ನ ಕೆಲಸ ಜಿರಲೆ ಸಾಯಿಸುವುದು. ಹೆಬ್ಬಾಳ, ಆರ್.ಟಿ. ನಗರ, ಯಲಹಂಕದ ಅಪಾರ್ಟ್‌ಮೆಂಟುಗಳಲ್ಲಿ ಇಪ್ಪತ್ತು ವರ್ಷದಿಂದ ಬೆನ್ನಿಗೆ ಔಷಧಿ ಕ್ಯಾನು ಕಟ್ಟಿಕೊಂಡು ಅಡುಗೆಮನೆ ಸಿಂಕಿನ ಕೆಳಗೆ ತಲೆ ತೂರಿಸುತ್ತ ಬಂದಿದ್ದೇನೆ. "ಎಷ್ಟೊತ್ತಲ್ಲಿ ಸಾಯುತ್ತೆ?" ಎಂದು ಎಲ್ಲರೂ ಕೇಳುತ್ತಾರೆ. "ಅರ್ಧ ಗಂಟೆ ಮೇಡಂ, ಎಲ್ಲಾ ಅಂಗಾತ" ಎನ್ನುತ್ತೇನೆ. ಅವರಿಗೆ ಸಮಾಧಾನ, ನನಗೆ ಒಂದು ಲೋಟ ಕಾಫಿ. ಅಂಥವನ ಮನೆಗೆ ನನ್ನ ಮಗಳು ಆರು ಜಿರಲೆಗಳನ್ನು ಸಾಕಲೆಂದು ತಂದಳು.

ಅವು ನಮ್ಮ ಕಡೆಯ ಜಿರಲೆಗಳಲ್ಲ, ಮಡಗಾಸ್ಕರ್‌ನವಂತೆ. ಹೆಬ್ಬೆರಳಿಗಿಂತ ದಪ್ಪ, ರೆಕ್ಕೆ ಇಲ್ಲ, ಮುಟ್ಟಿದರೆ ಬುಸ್ ಎನ್ನುತ್ತವೆ. ಬಿಎಸ್ಸಿ ಓದುವ ಅವಳಿಗೆ ಕಾಲೇಜಿನ ಸೀನಿಯರ್ ಒಬ್ಬಳು ಕೊಟ್ಟಿದ್ದು. ಚಿಕ್ಕಬಾಣಾವರದ ನಮ್ಮ ಮನೆಯ ಹಾಲ್‌ನಲ್ಲಿ, ಟಿವಿ ಪಕ್ಕದ ಹಳೆಯ ಮೀನಿನ ತೊಟ್ಟಿಯೊಳಗೆ ಮೊಟ್ಟೆಯ ಟ್ರೇಗಳನ್ನು ನಿಲ್ಲಿಸಿ ಅವಕ್ಕೆ ಸಂಸಾರ ಹೂಡಿಕೊಟ್ಟಳು.

"ನಿಮ್ಮಪ್ಪ ಊರಲ್ಲಿರೋ ಜಿರ್ಲೆನೆಲ್ಲ ಸಾಯಿಸ್ಬುಟ್ಟು ಬತ್ತಾನೆ, ನೀನು ಇಂಗೆ ತಂದು ಸಾಕು" ಎಂದು ನನ್ನ ಅಮ್ಮ ಹಣೆ ಚಚ್ಚಿಕೊಂಡಳು. ಒಂದು ವಾರದಲ್ಲಿ ಅವಳೇ ಕ್ಯಾರೆಟ್ ಹೆಚ್ಚಿ ಹಾಕತೊಡಗಿದಳು.

ಆರರಲ್ಲಿ ಒಂದು ದೊಡ್ಡ ಗಂಡು. ತಲೆಯ ಮೇಲೆ ಕೊಂಬಿನಂಥ ಎರಡು ಗುಬುಟು. ಅದಕ್ಕೆ ನನ್ನನ್ನು ಕಂಡರೆ ಆಗುತ್ತಲೇ ಇರಲಿಲ್ಲ. ನಾನು ತೊಟ್ಟಿಯ ಮುಚ್ಚಳ ತೆಗೆದರೆ ಸಾಕು, ಬುಸ್! ನನ್ನ ಕಸುಬು ಅದಕ್ಕೆ ಗೊತ್ತಾಗಿದೆ ಎಂದು ಮಗಳು ಕಿಚಾಯಿಸುತ್ತಿದ್ದಳು.

ಕಾಲೇಜಿನವರು ಅವಳನ್ನು ಹತ್ತು ದಿನ ಟೂರ್ ಕರೆದುಕೊಂಡು ಹೊರಟರು. ಜಿರಲೆಗಳನ್ನು ಗೆಳತಿಯ ಮನೆಯಲ್ಲಿ ಬಿಟ್ಟು ಹೋಗುತ್ತೇನೆ ಎಂದಳು. ನನಗೆ ರೇಗಿತು.

"ಇಪ್ಪತ್ತು ವರ್ಷ ಸರ್ವೀಸ್ ಆಗಿದೆ ಕಣೇ ನಂಗೆ. ಜಿರಲೆ ವಿಷ್ಯದಲ್ಲಿ ನನ್ನ ಬಿಟ್ಟು ಇನ್ನೊಬ್ರನ್ನ ನಂಬ್ತೀಯಾ?"

"ಸರ್ವೀಸ್ ನೋಡೇ ಭಯ ಅಪ್ಪ" ಎಂದು ನಕ್ಕಳು. ಕೊನೆಗೆ ಒಪ್ಪಿದಳು. "ಬಂದಾಗ ಆರಕ್ಕೆ ಆರೂ ಇರ್ಬೇಕು."

ಆರಕ್ಕೆ ಆರೂ ಒಪ್ಪಿಸಿ ಮೀಸೆ ತಿರುವಬೇಕು ಎಂದು ನಾನೂ ಹಟ ತೊಟ್ಟೆ. ಸಂಜೆ ಡ್ಯೂಟಿಯಿಂದ ಬಂದವನು ಹೆಲ್ಮೆಟ್ ಬಿಚ್ಚಿಡುವುದು ತಡ, ಒಂದೊಂದನ್ನೇ ಅಂಗೈ ಮೇಲೆ ಕೂರಿಸಿ ಎಣಿಸುತ್ತಿದ್ದೆ.

ಎರಡನೇ ದಿನವೇ ಒಂದು ಜಿರಲೆ ಪೂರ್ತಿ ಬೆಳ್ಳಗಾಗಿ, ಮೆತ್ತಗಾಗಿ, ಅಲ್ಲಾಡದೆ ಬಿದ್ದಿತ್ತು. ಕಾಮಾಲೆಯೋ, ರಕ್ತಹೀನತೆಯೋ ಎಂದು ನನಗೆ ತಿಳಿದ ಕಾಯಿಲೆಗಳನ್ನೆಲ್ಲ ನೆನೆದು ಗಾಬರಿಯಿಂದ ಫೋನ್ ಮಾಡಿದೆ. ಮಗಳು ಬಿದ್ದು ಬಿದ್ದು ನಕ್ಕಳು. "ಪೊರೆ ಬಿಟ್ಟಿದೆ ಅಪ್ಪ. ಸುಮ್ನೆ ಬಿಟ್ಬಿಡು, ತಾನೇ ಕಂದು ಆಗುತ್ತೆ." ಆಯಿತು ಕೂಡ. ತಾನು ಕಳಚಿದ ಪೊರೆಯನ್ನು ತಾನೇ ತಿಂದು ಏನೂ ಆಗದವರ ಹಾಗೆ ಓಡಾಡಿತು. ಅಂದಿನಿಂದ ನನಗೆ ಡಾಕ್ಟರ್ ಪದವಿ ಸಿಕ್ಕಂತಾಯಿತು. ಜಿರಲೆಗೆ ಏನೇ ಬಂದರೂ ಸುಮ್ಮನಿದ್ದರೆ ವಾಸಿಯಾಗುತ್ತದೆ ಎಂದು ತೀರ್ಮಾನಿಸಿಬಿಟ್ಟೆ.

ನಾಲ್ಕನೇ ಸಂಜೆ ಒಂದು ಹೆಣ್ಣು ಜಿರಲೆ ಅಡ್ಡಡ್ಡ ನಡೆಯತೊಡಗಿತು. ಕಾಲು ನಡುಗುತ್ತಿದ್ದವು. ಅಂಗಾತ ಬಿತ್ತು. ಎತ್ತಿ ನೆಟ್ಟಗೆ ಮಾಡಿದೆ, ಮತ್ತೆ ಬಿತ್ತು. ಪೊರೆ ಬಿಡುತ್ತಿದೆ, ಪಾಪ, ಅಂದುಕೊಂಡೆ. ಆ ನಡುಕವನ್ನು ನಾನು ಎಷ್ಟು ಅಡುಗೆಮನೆಗಳಲ್ಲಿ ನೋಡಿಲ್ಲ! ಆದರೂ ಮನೆಯಲ್ಲಿ ಗುರುತು ಸಿಗಲಿಲ್ಲ. ಬೆಳಗ್ಗೆ ಎದ್ದು ನೋಡಿದರೆ ಸತ್ತಿತ್ತು.

ಕರಿಬೇವಿನ ಕುಂಡದಲ್ಲಿ ಹೂತೆ. ಮೂರನೇ ದಿನ ಬೆಳಗ್ಗೆ ಅಮ್ಮ ಚಿಕ್ಕ ಬಟ್ಟಲಲ್ಲಿ ಹಾಲು ತುಪ್ಪ ಹಿಡಿದುಕೊಂಡು ಕುಂಡದ ಹತ್ತಿರ ನಿಂತಿದ್ದಳು. ನಮ್ಮ ಕಡೆ ಮಣ್ಣು ಮಾಡಿದ ಮೂರನೇ ದಿನಕ್ಕೆ ಗುಂಡಿಯ ಮೇಲೆ ಹಾಲು ತುಪ್ಪ ಬಿಡುತ್ತೇವೆ, ಆದರೆ ಮನುಷ್ಯರಿಗೆ.

"ಏನಮ್ಮಾ ಇದು, ಜಿರಲೆಗೆ?"

"ಮನೇಲಿ ಉಂಡು ಮನೇಲೇ ಸತ್ತದ್ದಲ್ವೇನ್ಲಾ? ಅಂಗೇ ಬಿಡಕ್ಕಾಯ್ತದಾ?"

ನನಗೆ ನಗು ತಡೆಯಲಾಗಲಿಲ್ಲ. ನಗುತ್ತಲೇ ಒಳಗೆ ಬಂದು ತೊಟ್ಟಿಯ ಮುಚ್ಚಳ ತೆಗೆದೆ. ದೊಡ್ಡ ಗಂಡು ಬುಸ್ ಎನ್ನಲಿಲ್ಲ. ಬೆರಳಿಂದ ತಿವಿದೆ, ಆಗಲೂ ಇಲ್ಲ. ಹಿಂಗಾಲು ನಡುಗುತ್ತಿದ್ದವು. ನನ್ನ ನಗು ಅಲ್ಲೇ ನಿಂತಿತು.

ಟಿಫನ್ ಡಬ್ಬಿಗೆ ತೂತು ಕೊರೆದು, ಅದರಲ್ಲಿ ಜಿರಲೆ ಇಟ್ಟು, ಸ್ಕೂಟರಿನಲ್ಲಿ ಹೊರಟೆ. ಗೊರಗುಂಟೆಪಾಳ್ಯದ ಸಿಗ್ನಲ್ಲಿನಲ್ಲಿ ಡಬ್ಬಿ ತೆರೆದು ತೆರೆದು ನೋಡಿದೆ. ಹೆಬ್ಬಾಳದ ಪ್ರಾಣಿಗಳ ಕ್ಲಿನಿಕ್ಕಿನಲ್ಲಿ ನನ್ನ ಪಕ್ಕ ಬಿಳಿ ಬೆಕ್ಕು ಹಿಡಿದ ಹೆಂಗಸೊಬ್ಬರು ಕೂತಿದ್ದರು. "ನಿಮ್ದು ಯಾವ ಪೆಟ್?" ಎಂದರು. "ಜಿರಲೆ" ಎಂದೆ. ಅವರು ಬೆಕ್ಕಿನ ಸಮೇತ ಎರಡು ಕುರ್ಚಿ ಆಚೆ ಹೋದರು.

ಡಾಕ್ಟರಮ್ಮ ಮಾತ್ರ ನಗಲಿಲ್ಲ. ಮಸೂರ ಹಿಡಿದು ನೋಡಿದರು. "ಇನ್ನೊಂದು ಹೀಗೇ ಸತ್ತೋಯ್ತು ಅಂದ್ರಲ್ಲ, ಮನೇಲಿ ಏನಾದ್ರೂ ಔಷಧಿ ಹೊಡೆಸಿದ್ರಾ?"

"ಛೆ ಛೆ, ಇಲ್ಲ ಮೇಡಂ! ನಮ್ಮನೇಲಿ ಆ ಪ್ರಶ್ನೇನೇ ಇಲ್ಲ."

ಅವರ ಕಣ್ಣು ನನ್ನ ಜೇಬಿನ ಮೇಲೆ ಬಂದು ನಿಂತಿತು. ನಾನೂ ಬಗ್ಗಿ ನೋಡಿಕೊಂಡೆ. ಅಲ್ಲಿಂದ ನೇರ ಡ್ಯೂಟಿಗೆ ಹೋಗಬೇಕೆಂದು ಯೂನಿಫಾರ್ಮಿನಲ್ಲೇ ಬಂದಿದ್ದೆ. ಜೇಬಿನ ಮೇಲೆ ಅಂಗಾತ ಬಿದ್ದ ಜಿರಲೆಯ ಚಿತ್ರ, ಅದರ ಮೇಲೆ ಕೆಂಪು ಗೀಟು.

"ಸಂಜೆ ಕೆಲ್ಸದಿಂದ ಬಂದು, ಇದೇ ಬಟ್ಟೇಲಿ ಇವುಗಳ್ನ ಮುಟ್ತೀರಾ?" ಎಂದು ಮೆಲ್ಲಗೆ ಕೇಳಿದರು.

ದಿನಾ ಆರನ್ನೂ ಎಣಿಸಿದ ಅಂಗೈ ಅದು. ಅದನ್ನು ಎಲ್ಲಿ ಇಟ್ಟುಕೊಳ್ಳಬೇಕೆಂದು ತಿಳಿಯಲಿಲ್ಲ. ಬೇರೆಯವರ ಮನೆಯಲ್ಲಿ ಸಾಬೂನು ಹಾಕಿ ಕೈ ತೊಳೆಯದೆ ಕಾಫಿ ಲೋಟ ಮುಟ್ಟದವನು ನಾನು. ನಾಚಿಕೆಯಾಯಿತು.

ಇದಕ್ಕೆ ಮದ್ದಿಲ್ಲ ಎಂದರು ಡಾಕ್ಟರಮ್ಮ. ಉಗುರುಬೆಚ್ಚಗಿನ ನೀರಲ್ಲಿ ಮೆಲ್ಲಗೆ ತೊಳೆದು, ತೊಟ್ಟಿ, ಟ್ರೇ ಎಲ್ಲ ಬದಲಿಸಿ, ಬೆಚ್ಚಗೆ ಕತ್ತಲಲ್ಲಿ ಇಡಿ. ಸ್ವಲ್ಪವೇ ಅಂಟಿದ್ದರೆ ಬದುಕಬಹುದು.

ಅಂದಿನಿಂದ ಮನೆಯಲ್ಲಿ ಅಮ್ಮನ ಕಾನೂನು. ಯೂನಿಫಾರ್ಮು ಗೇಟಿನ ಹತ್ತಿರ, ಸ್ನಾನ ಹಿತ್ತಲಲ್ಲಿ, ಆಮೇಲೆ ಒಗೆದ ಪಂಚೆ. ದೇವರ ಮನೆಗೆ ಯಾವತ್ತೂ ಇಷ್ಟು ಮಡಿ ಕೇಳದವಳು ಜಿರಲೆಗಾಗಿ ನನ್ನನ್ನು ಬಾಗಿಲಲ್ಲೇ ನಿಲ್ಲಿಸುತ್ತಿದ್ದಳು. ಎರಡು ದಿನ ಗಂಡು ಜಿರಲೆ ಏಳಲಿಲ್ಲ. ಮೂರನೇ ದಿನ, ಒದ್ದೆ ತಲೆಯಲ್ಲಿ ಮುಚ್ಚಳ ತೆಗೆದೆ. ಬುಸ್! ಅಷ್ಟು ಖುಷಿಯಿಂದ ನಾನು ಯಾರ ಕೈಲೂ ಬೈಸಿಕೊಂಡಿಲ್ಲ.

ಅದೇ ಸಂಜೆ ಮಗಳು ಬಂದಳು. ಬ್ಯಾಗ್ ಇಳಿಸುವ ಮೊದಲೇ ಟ್ರೇ ಎತ್ತಿ ಎಣಿಸಿದಳು. ಐದು. ಇನ್ನೊಮ್ಮೆ ಎಣಿಸಿ ನನ್ನ ಮುಖ ನೋಡಿದಳು. ವಯಸ್ಸಾಗಿತ್ತು ಎಂದುಬಿಡಲು ನಾಲಿಗೆ ತಯಾರಾಗಿತ್ತು. ಅಮ್ಮ ಅಡುಗೆಮನೆ ಬಾಗಿಲಲ್ಲಿ ನಿಂತು ನನ್ನನ್ನೇ ನೋಡುತ್ತಿದ್ದಳು.

"ನನ್ನ ಕೈಯಿಂದಾನೇ ಹೋಯ್ತು ಕಣಮ್ಮ. ಔಷಧಿ ಕೈ" ಎಂದು ಎಲ್ಲವನ್ನೂ ಹೇಳಿದೆ.

ಬೈದಿದ್ದರೆ ಚೆನ್ನಾಗಿತ್ತು. ಅವಳು ಟ್ರೇಯನ್ನು ಮೆಲ್ಲಗೆ ತೊಟ್ಟಿಯೊಳಗೆ ಇಟ್ಟು, "ಅದಕ್ಕೆ ನೋವಾಗಿರುತ್ತಾ ಅಪ್ಪ?" ಎಂದಳು.

ಇಪ್ಪತ್ತು ವರ್ಷದಲ್ಲಿ ಯಾರೂ ನನ್ನನ್ನು ಹಾಗೆ ಕೇಳಿರಲಿಲ್ಲ. ಎಷ್ಟೊತ್ತು ಎಂದಷ್ಟೇ ಕೇಳಿದ್ದರು.

"ಗೊತ್ತಿಲ್ಲ ಕಣಮ್ಮ. ಆದ್ರೆ ಅರ್ಧ ಗಂಟೆ ಅಲ್ಲ. ತುಂಬಾ ಹೊತ್ತಾಯ್ತು."

ಅವಳು ತಲೆಯಾಡಿಸಿದಳು. ದೊಡ್ಡ ಗಂಡನ್ನು ಮೆಲ್ಲಗೆ ಎತ್ತಿಕೊಂಡು ನನ್ನ ಕಡೆ ತಿರುಗಿದಳು.

"ಸ್ನಾನ ಆಯ್ತಾ?"

"ಆಯ್ತು."

"ಕೈ ಕೊಡು."

ಅಂಗೈ ಚಾಚಿದೆ. ಅವಳು ಜಿರಲೆಯನ್ನು ಅದರ ಮೇಲೆ ಬಿಟ್ಟಳು. ಒಂದು ಹಿಂಗಾಲು ಎಳೆಯುತ್ತ ನಾಲ್ಕು ಹೆಜ್ಜೆ ನಡೆದು, ನನ್ನ ಹೆಬ್ಬೆರಳ ಬುಡದಲ್ಲಿ ನಿಂತು, ಬುಸ್ ಎಂದಿತು.