ಅನ್ನ ಮುಟ್ಟಿಸುವ ತನಕ

ಜಪಾನಿನ ಇಸೆಸಾಕಿಯ ವೃದ್ಧಾಶ್ರಮದಲ್ಲಿ ಮುದುಕರನ್ನು ಮೀಯಿಸಿ, ಉಣಿಸಿ, ಮಗ್ಗುಲು ಹೊರಳಿಸುವ ಕೆಲಸ ಜುನು ಮಾಯಾ ಪುನ್‌ಳದು. ನೇಪಾಳದ ಬೇನಿಯಿಂದ ಓದಲು ಬಂದವಳು, ಜಪಾನಿ ಭಾಷೆ ಕಲಿತು, ಆರೈಕೆಯ ಪರೀಕ್ಷೆ ಪಾಸು ಮಾಡಿ ಅಲ್ಲಿ ನೆಲೆನಿಂತಳು. ಅವಳಿಗೆ ಬೇಕಿದ್ದುದು ಒಂದೇ, ಶಾಶ್ವತ ವಾಸದ ಕಾರ್ಡು. ಅದು ಕೈಯಲ್ಲಿದ್ದರೆ ನಾಳೆ ಸೊಂಟ ಬಿದ್ದು ಕೆಲಸ ಹೋದರೂ ಯಾರೂ ಹೊರಡು ಎನ್ನುವಂತಿಲ್ಲ. ಇಲ್ಲದಿದ್ದರೆ ವೀಸಾ ಮುಗಿಯುವಾಗಲೆಲ್ಲ ಹಲ್ಲು ಗಿಂಜಬೇಕು. ಹೆಂಡತಿಯ ವೀಸಾದ ಸೆರಗು ಹಿಡಿದು ಬಂದವನಿಗೆ ಪೂರ್ತಿ ಹೊತ್ತಿನ ಕೆಲಸಕ್ಕೆ ಅನುಮತಿಯಿಲ್ಲ, ಹಾಗಾಗಿ ಗಂಡ ಖಿಮ್ ಊಟದ ಡಬ್ಬಿ ತುಂಬುವ ಕಾರ್ಖಾನೆಯಲ್ಲಿ ಕೊನೆತನಕ ಅರೆಹೊತ್ತಿನ ಆಳಾಗಿಯೇ ಇರಬೇಕು. ಹತ್ತು ವರ್ಷ ಬಿಡದೆ ಈ ನೆಲದಲ್ಲಿ ಬಾಳಿದವರು ಆ ಕಾರ್ಡಿಗೆ ಅರ್ಜಿ ಹಾಕಬಹುದು ಎಂದು ಎಲ್ಲರೂ ಹೇಳುತ್ತಿದ್ದರು. ಹತ್ತು ವರ್ಷ ಎಂಬುದು ಜುನುವಿನ ಕಿವಿಗೆ ಬಿತ್ತು. ಬಿಡದೆ ಎಂಬುದು ಬೀಳಲಿಲ್ಲ.

ಏಳನೆಯ ವರ್ಷ ಅವಳು ಬಸುರಾದಳು. ಆಶ್ರಮದ ಮೇಲ್ವಿಚಾರಕಿ ಕುರಿಹಾರಾಳಿಗೆ ತನ್ನ ಮಗಳೇ ಬಸುರಾದಷ್ಟು ಸಂಭ್ರಮ. ಅವಳ ಮೂರು ಮಕ್ಕಳೂ ಉತ್ತರದ ಅಕಿತಾದಲ್ಲಿ, ಅವಳ ತಾಯಿಯ ಮನೆಯಲ್ಲಿ ಹುಟ್ಟಿದವು. ಹೆರಿಗೆಗೆ ತವರಿಗೆ ಹೋಗುವುದು ಆ ದೇಶದಲ್ಲೂ ರೂಢಿಯೇ. ಹೆರಿಗೆ ರಜೆ, ಅದರ ಬೆನ್ನಿಗೆ ಮಗು ಸಾಕುವ ರಜೆ, ಎಲ್ಲ ಕಾನೂನಿನಲ್ಲೇ ಇದೆ, ಸಂಕೋಚ ಬೇಡ ಎಂದು ಅವಳೇ ಮುಂದೆ ನಿಂತು ಎಲ್ಲ ಮಾಡಿಸಿಕೊಟ್ಟಳು.

"ಚೊಚ್ಚಲು ಬಾಣಂತನ ಅಮ್ಮನ ಹತ್ರಾನೇ ಆಗ್ಬೇಕು ಜುನು. ಹೋಗಿ ಬಾ" ಅಂದಳು.

ಅಕಿತಾ ರೈಲು ಹತ್ತಿದರೆ ಸಿಗುವ ಊರು. ಬೇನಿಗೆ ದೇಶದ ಗಡಿ ದಾಟಬೇಕು. ಈ ವ್ಯತ್ಯಾಸ ಆ ಒಳ್ಳೆಯ ಹೆಂಗಸಿಗೆ ಹೊಳೆಯಲಿಲ್ಲ. ಒಳ್ಳೆಯವರ ತಪ್ಪೇ ಹೀಗೆ, ಬೈಯಲೂ ಬಾಯಿ ಬರುವುದಿಲ್ಲ.

ಬೇನಿಯಲ್ಲಿ ಮಗಳು ಸಿರ್ಜನಾ ಹುಟ್ಟಿದಳು. ತಾಯಿ ಸುಕಮಾಯಾ ಬಾಣಂತಿಗೆ ಓಮಿನ ಸಾರು ಕುಡಿಸಿ, ಬಿಸಿಲಿಗೆ ಕೂರಿಸಿ ಸಾಸಿವೆ ಎಣ್ಣೆ ತಿಕ್ಕಿದಳು. ಎರಡು ತಿಂಗಳಾಗುತ್ತಲೇ ಜುನು ಹೊರಡುವ ಮಾತೆತ್ತಿದಳು. ಸುಕಮಾಯಾ ಕೇಳುವ ಪೈಕಿಯಲ್ಲ. ಹೆಣ್ಣು ಕೂಸಿಗೆ ಐದನೆಯ ತಿಂಗಳಲ್ಲಿ ಮೊದಲ ತುತ್ತು ಅನ್ನ ಮುಟ್ಟಿಸುವುದು ಅವರಲ್ಲಿ ದೊಡ್ಡ ಶಾಸ್ತ್ರ.

"ಅನ್ನ ಮುಟ್ಟಿಸ್ದೆ ಕೂಸನ್ನ ಹೊಳೆ ದಾಟಿಸ್ತಾರೇನೆ? ಅಜ್ಜಿ ಕೈ ತುತ್ತು ತಿಂದು ಹೋಗ್ಲಿ. ನಿನ್ನ ಜಪಾನೇನು ಓಡಿ ಹೋಗುತ್ತಾ?" ಅಂದಳು.

ಜುನು ಹೆದರಿಕೊಂಡೇ ಫೋನು ಮಾಡಿದರೆ ಕುರಿಹಾರಾ ನಕ್ಕಳು. ತಮ್ಮಲ್ಲೂ ಕೂಸಿನ ಬಾಯಿಗೆ ಮೊದಲ ಅನ್ನ ಇಡುವ ಹಬ್ಬವಿದೆ, ರಜೆಯೂ ಬೇಕಾದಷ್ಟಿದೆ, ಮುಗಿಸಿಕೊಂಡೇ ಬಾ ಎಂದಳು. ಹೀಗೆ ಎರಡು ದೇಶದ ಎರಡು ತಾಯಂದಿರು ಸೇರಿ ಅವಳನ್ನು ಅಲ್ಲೇ ಕೂರಿಸಿದರು. ಸಿರ್ಜನಾ ಅಜ್ಜಿಯ ಬೆರಳ ತುದಿಯಿಂದ ಅನ್ನ ನೆಕ್ಕಿ ಮುಖ ಕಿವುಚಿದಳು. ನೆರೆದವರೆಲ್ಲ ನಕ್ಕರು, ಜುನುವೂ ನಕ್ಕಳು.

ಹತ್ತು ವರ್ಷ ತುಂಬಿದಾಗ ಅರ್ಜಿ ಹಾಕಿದಳು. ಒಂದು ವರ್ಷಕ್ಕೂ ಮೀರಿ ಕಾದ ಮೇಲೆ ಇಲ್ಲವೆಂಬ ಉತ್ತರ ಬಂತು. ಕಾರಣ ಕೇಳಬೇಕೆಂದರೆ ವಲಸೆ ಕಚೇರಿಗೆ ಹೋಗಬಹುದು, ಅದೂ ಒಂದೇ ಸಲ. ಹೋದಳು. ಅಧಿಕಾರಿ ಎಳೆಯ ಹುಡುಗ, ಮಾತು ಬೆಣ್ಣೆಯಂತೆ. ತೆರಿಗೆ ಸರಿಯಿದೆ, ಕೆಲಸ ಸರಿಯಿದೆ, ಆದರೆ ಮಗು ಹುಟ್ಟಿದ ಆ ವರ್ಷ ನೀವು ತಿಂಗಳುಗಟ್ಟಲೆ ದೇಶದ ಹೊರಗಿದ್ದಿರಿ, ಅಲ್ಲಿಗೆ ವಾಸ ಕಡಿದುಹೋಯಿತು ಎಂದ.

"ಅದು ಹೆರಿಗೆ ರಜೆ. ನಿಮ್ಮ ಕಾನೂನೇ ಕೊಟ್ಟಿದ್ದು" ಅಂದಳು ಜುನು.

"ರಜೆ ತಪ್ಪಲ್ಲ ಮೇಡಂ. ಆ ರಜೇನ ಇಲ್ಲೇ ನಿಮ್ಮ ರೂಮಲ್ಲಿ ಕಳೆದಿದ್ರೆ ನಾವು ಕೇಳ್ತಾನೇ ಇರ್ಲಿಲ್ಲ."

ದೇವರು ವರ ಕೊಟ್ಟರೂ ಪೂಜಾರಿ ವರ ಕೊಡ. ರಜೆ ಕೊಟ್ಟ ಕಾನೂನು ಒಂದು, ಅದರ ಲೆಕ್ಕ ಹಿಡಿದ ಕಾನೂನು ಇನ್ನೊಂದು, ಒಂದಕ್ಕೊಂದು ಮುಖಪರಿಚಯವೇ ಇಲ್ಲ. ಬಾಣಂತಿ ಬಾಡಿಗೆ ಕೋಣೆಯಲ್ಲಿ ಒಬ್ಬಳೇ ಗೋಡೆ ನೋಡುತ್ತ ಕೂತಿದ್ದರೆ ಸರಿಯಿತ್ತು. ತಾಯಿಯ ಮಡಿಲಲ್ಲಿ ಕೂತದ್ದು ತಪ್ಪಾಯಿತು. ಊರಿನಿಂದ ಹಿಂದಿರುಗಿದ ದಿನದಿಂದ ಹತ್ತು ವರ್ಷ ಹೊಸದಾಗಿ ಎಣಿಸಬೇಕೆಂದು ಹೇಳಿ ಆ ಹುಡುಗ ತಲೆಬಾಗಿ ಬೀಳ್ಕೊಟ್ಟ.

ಕುರಿಹಾರಾ ಕೇಳಿ ಅತ್ತಳು, ಕಚೇರಿಗೆ ತಾನೇ ಬಂದು ಹೇಳುತ್ತೇನೆ ಎಂದಳು. ಆಗಲೇ ಆದದ್ದು ಆಗಿಹೋಗಿತ್ತು. ಮನೆಯಲ್ಲಿ ಖಿಮ್ ಮಾತ್ರ ಸುಮ್ಮನಿರಲಿಲ್ಲ. ಡಬ್ಬಿ ಕಾರ್ಖಾನೆಯಿಂದ ಬೆನ್ನು ನೋವು ಹೊತ್ತು ಬಂದ ದಿನವೆಲ್ಲ ಅದೇ ಕುಟುಕು.

"ನಿಮ್ಮಮ್ಮನ ಒಂದು ತುತ್ತಿಗೆ ಹತ್ತು ವರ್ಷ. ಏನು ಅನ್ನ ಮಾರಾಯ್ತಿ ಅದು, ಬಂಗಾರದ್ದಾ?" ಅನ್ನುತ್ತಿದ್ದ.

ಎರಡನೆಯ ಮಗುವಿನ ಮಾತನ್ನು ಇಬ್ಬರೂ ಎತ್ತಲಿಲ್ಲ. ಊರಿಗೆ ಹೋದರೆ ವಾರದ ಮಟ್ಟಿಗೆ. ಮಗಳು ಒಳಗೆ ಕಾಲಿಡುವ ಮೊದಲೇ ಸುಕಮಾಯಾ, ವಾಪಸು ಟಿಕೆಟು ಯಾವತ್ತಿಗೆ ನೆಂಟರೇ ಎಂದು ಕೇಳುವಳು. ತಮಾಷೆಗೇ ಕೇಳುವಳು, ಆದರೆ ಜುನುವಿಗೆ ಅದು ಎದೆಗೆ ನಾಟುತ್ತಿತ್ತು.

ಎರಡನೆಯ ಸಲ ಅರ್ಜಿ ಹಾಕಿ ಕಾಯುತ್ತಿದ್ದ ಚಳಿಗಾಲದಲ್ಲಿ ತಮ್ಮನ ಫೋನು ಬಂತು. ಸುಕಮಾಯಾ ಹೊಳೆಗೆ ಹೋಗಿ ಬಂದು ಜಗಲಿಯಲ್ಲಿ ಕುಸಿದವಳು ಏಳಲಿಲ್ಲ. ಜುನು ಪೆಟ್ಟಿಗೆಗೆ ಎರಡು ಸೀರೆ ಹಾಕಿದಳು. ಅರ್ಜಿ ಒಳಗಿದೆ, ಈಗ ಹೊರಗೆ ಕಾಲಿಡಬೇಡ ಎಂದ ಖಿಮ್. ಎರಡು ವಾರ ಹೋಗಿ ಬಂದಿದ್ದರೆ ಏನೂ ಆಗುತ್ತಿರಲಿಲ್ಲ. ಆದರೆ ಬಿಸಿ ಹಾಲಿಗೆ ಬಾಯಿ ಸುಟ್ಟ ಬೆಕ್ಕು ಮಜ್ಜಿಗೆ ಕಂಡರೂ ಓಡುತ್ತದೆ. ಅವಳು ಪೆಟ್ಟಿಗೆ ಮುಚ್ಚಿಟ್ಟು, ಮರುದಿನ ಬೆಳಗಿನ ಪಾಳಿಗೆ ಹೋಗಿ, ತೊಂಬತ್ತು ದಾಟಿದ ಒಬ್ಬ ಅಜ್ಜಿಗೆ ಗಂಜಿ ಉಣಿಸಿದಳು. ಆಶ್ರಮದಲ್ಲಿ ಯಾರಿಗೂ ಹೇಳಲಿಲ್ಲ.

ಬೇಸಿಗೆಗೆ ಕಾರ್ಡು ಬಂತು. ಖಿಮ್ ಅದನ್ನು ಕಣ್ಣಿಗೊತ್ತಿಕೊಂಡ. ಹತ್ತು ದಾಟಿದ ಸಿರ್ಜನಾ ಶಾಲೆಯ ಚೀಲ ಎಸೆದು ಕುಣಿದಳು. ಜುನು ಅದನ್ನು ತಿರುಗಿಸಿ ನೋಡಿ ಪರ್ಸಿನೊಳಗಿಟ್ಟಳು.

ಮಾರನೆಯ ದಿನ ಕುರಿಹಾರಾ ಕೆಂಪು ಅವರೆ ಹಾಕಿ ಬೇಯಿಸಿದ ಅನ್ನದ ಡಬ್ಬಿ ಹಿಡಿದು ಬಂದಳು. ಅಲ್ಲಿ ಶುಭದ ದಿನ ಉಣ್ಣುವ ಅನ್ನ ಅದು. ಅವಳ ಕೂದಲು ಪೂರ್ತಿ ನರೆತಿತ್ತು. ಇಷ್ಟು ವರ್ಷ ತನ್ನದೇ ತಪ್ಪೆಂದು ನೊಂದ ಜೀವ, ಇವತ್ತು ಮುಖವೆಲ್ಲ ಬೆಳಗಿತ್ತು.

"ಇನ್ನು ಹೆದರೋದೇನೂ ಇಲ್ಲ ಜುನು. ತಿಂಗಳುಗಟ್ಟಲೆ ಅಮ್ಮನ ಹತ್ರ ಇದ್ದು ಬಾ. ರಜೆ ನಾನು ಕೊಡ್ತೀನಿ" ಅಂದಳು.

ಜುನು ಡಬ್ಬಿಯ ಮುಚ್ಚಳ ತೆಗೆದು ಒಂದು ತುತ್ತು ಬಾಯಿಗಿಟ್ಟಳು. ನುಂಗಿದ ಮೇಲೆ ಹೇಳಿದಳು.

"ಅಮ್ಮ ಚಳಿಗಾಲದಲ್ಲೇ ಹೋದ್ಲು."

ಕುರಿಹಾರಾ ಕುರ್ಚಿ ಎಳೆದು ಅವಳ ಪಕ್ಕ ಕೂತಳು. ಯಾಕೆ ಹೇಳಲಿಲ್ಲ ಎಂದು ಕೇಳಿದಳು.

"ಹೇಳಿದ್ರೆ ನೀವು ಹೋಗಿ ಬಾ ಅಂತಿದ್ರಿ" ಅಂದಳು ಜುನು. "ಅದಕ್ಕೇ ಹೇಳ್ಲಿಲ್ಲ."