ಒತ್ತಿದ ಶಾವಿಗೆಗೆ ಉಪ್ಪು

ಕೋಪವನ್ನು ದೇವರಮನೆಯೊಳಗೆ ತರಬಾರದು ಎಂದು ನಮ್ಮಮ್ಮ ಹೇಳುತ್ತಿದ್ದಳು. ನನ್ನದು ಬಂದಿದೆ. ದೀಪ ಹಚ್ಚುವಾಗಲೂ ಪಕ್ಕದಲ್ಲೇ ಕೂತಿರುತ್ತದೆ. ಎಬ್ಬಿಸಿ ಕಳಿಸಲು ಆಗದೆ ಬರೆದಿಡುತ್ತಿದ್ದೇನೆ.

ನಮ್ಮೂರು ಜಂಗಮಕೋಟೆಯ ಹತ್ತಿರ. ಮನೆಯ ಹಿಂದೆ ಹಿಪ್ಪುನೇರಳೆ ತೋಟ, ಅದಕ್ಕೆ ಅಂಟಿಕೊಂಡು ರೇಷ್ಮೆಯ ಹುಳುಮನೆ. ಶನಿವಾರ ಸಂಜೆ ಹೆಂಗಸರು ಆಂಜನೇಯನ ಗುಡಿಯಲ್ಲಿ ಭಜನೆಗೆ ಕೂರುತ್ತೇವೆ. ಹಾಡು ಅರ್ಧ ತೆಲುಗು, ಅರ್ಧ ಕನ್ನಡ. ತೆಲುಗನ್ನೂ ಕನ್ನಡ ಅಕ್ಷರದಲ್ಲೇ ಬರೆದುಕೊಂಡು ಹಾಡುವುದು ನಮ್ಮ ಕಡೆಯ ರೂಢಿ. ಆ ಹಾಡುಗಳು ಪೂರ್ತಿಯಾಗಿ ಬರುತ್ತಿದ್ದುದು ಒಬ್ಬರಿಗೇ, ನಮ್ಮತ್ತೆಯ ಅಕ್ಕನಿಗೆ. ನಮ್ಮ ಮನೆಯಲ್ಲೇ ಇರುವ ಅವರನ್ನು ಊರೆಲ್ಲ ದೊಡ್ಡತ್ತೆ ಅನ್ನುತ್ತದೆ. ಮಿಕ್ಕವರಿಗೆ ಪಲ್ಲವಿ ಬರುತ್ತದೆ, ಒಂದೆರಡು ಚರಣ ಬರುತ್ತದೆ, ಆಮೇಲೆ ದೊಡ್ಡತ್ತೆಯ ಬಾಯಿ ನೋಡಿಕೊಂಡು ತುಟಿ ಅಲ್ಲಾಡಿಸುತ್ತೇವೆ.

ನನ್ನ ಮೈದುನ ಚಿಕ್ಕಬಳ್ಳಾಪುರದ ಒಂದು ಕಾಲೇಜಿನಲ್ಲಿ ಕಂಪ್ಯೂಟರ್ ಪಾಠ ಹೇಳುತ್ತಾನೆ. ದಿನಾ ಬಸ್ಸಿನಲ್ಲಿ ಹೋಗಿಬರುತ್ತಾನೆ. ಈ ಹಾಡುಗಳಿಗೊಂದು ವೆಬ್‌ಸೈಟ್ ಮಾಡುತ್ತೇನೆ ಎಂದು ತಾನೇ ಹೊರಟ. ನಮಗೆ ನೆನಪಿದ್ದಷ್ಟನ್ನು ನಾನು ಹಾಡಿದೆ, ಅವನು ಟೈಪ್ ಮಾಡಿಕೊಂಡ. ಒಂದು ಭಾನುವಾರ ಲ್ಯಾಪ್‌ಟಾಪ್ ಮುಂದೆ ನನ್ನನ್ನು ಕೂರಿಸಿ, ಕಪ್ಪು ಪರದೆಯ ಮೇಲೆ ಏನೋ ಒಂದು ಸಾಲು ಹೊಡೆದ. ಕ್ಷಣದಲ್ಲಿ ಪುಟಗಳೆಲ್ಲ ತಯಾರಾಗಿ ಕೂತವು. ಮೇಲೆ ಹನುಮಂತನ ಚಿತ್ರ, ಕೆಳಗೆ ಹಾಡು.

"ಇದು ಹೆಂಗಾಯ್ತಪ್ಪ?" ಅಂದೆ.

"ಬಿಲ್ಡ್ ಟೂಲ್ ಅಂತ ಇರ್ತದೆ ಅತ್ತಿಗೆ. ಅದಕ್ಕೆ ಒಂದು ಪ್ಲಗಿನ್ ಹಾಕಿದೀನಿ. ಅದೇ ಪುಟ ಕಟ್ತದೆ. ನಿಮಗ್ಯಾಕೆ ಆ ತಲೆನೋವು? ಏನಾದ್ರೂ ತಿದ್ದೋದಿದ್ರೆ ಇಲ್ಲಿ ತಿದ್ದಿ, ಈ ಗುಂಡಿ ಒತ್ತಿ, ಎಲ್ಲರ ಫೋನಿಗೂ ಹೋಗ್ತದೆ. ಸಾಕು." ಹೀಗಂದು ಒಂದು ಫೋಲ್ಡರ್ ತೆರೆದು ತೋರಿಸಿದ.

ಇಲ್ಲಿ ತಿದ್ದಿ ಅಂದದ್ದು ಅವನೇ. ಅವನದೇ ಬಾಯಿ, ಅವನದೇ ಬೆರಳು. ಇದನ್ನು ನಾನು ಮರೆಯುವುದಿಲ್ಲ.

ಅವರೆಕಾಯಿ ಕಾಲ ಪೂರ್ತಿ ನಾನೂ ದೊಡ್ಡತ್ತೆಯೂ ಹಿತ್ತಲ ಬಿಸಿಲಿನಲ್ಲಿ ಕೂತು ಅವರೆಕಾಳು ಹಿದುಕಿದೆವು. ಕೈ ಹಿದುಕುತ್ತಿದ್ದರೆ ದೊಡ್ಡತ್ತೆಗೆ ಹಾಡು ತಾನಾಗಿ ಬರುತ್ತಿತ್ತು. ನಾನು ಹಾಡಿ ಮುಗಿಸಿದರೆ ತಲೆ ಅಲ್ಲಾಡಿಸುತ್ತಿದ್ದರು. "ಅದಿ ಕಾದೇ ತಲ್ಲಿ, ಇಂಕೊಕ್ಕಟುಂದಿ." ಅಷ್ಟಕ್ಕೇ ಮುಗಿಯಲಿಲ್ಲ, ಇನ್ನೊಂದಿದೆ ಎಂದು ಹೇಳಿ, ನಾವು ಯಾರೂ ಕೇಳದ ಮೂರನೇ ಚರಣ, ನಾಲ್ಕನೇ ಚರಣ ಎತ್ತುತ್ತಿದ್ದರು. ನಾನು ಸೆರಗಿಗೆ ಕೈ ಒರೆಸಿಕೊಂಡು ಒಳಗೆ ಓಡಿ, ಮೈದುನ ತೋರಿಸಿದ ಆ ಫೋಲ್ಡರಿನಲ್ಲೇ ಟೈಪ್ ಮಾಡಿ ಗುಂಡಿ ಒತ್ತುತ್ತಿದ್ದೆ. ಒಂದೊಂದು ಹಾಡಿನ ಕೆಳಗೂ 'ಹೇಳಿಕೊಟ್ಟವರು' ಎಂದು ಅವರ ಹೆಸರು ಹಾಕಿದೆ. ತೋರಿಸಿದಾಗ, ಓದಲು ಬಾರದ ಆಕೆ ಪರದೆಯನ್ನು ಮುಟ್ಟಿ ಕಣ್ಣಿಗೆ ಒತ್ತಿಕೊಂಡರು.

ಸಂಕ್ರಾಂತಿ ಕಳೆದ ಮೇಲೆ ದೊಡ್ಡತ್ತೆಗೆ ಲಕ್ವ ಹೊಡೆಯಿತು. ಜೀವ ಉಳಿಯಿತು, ಬಲಗೈ ಬಿದ್ದುಹೋಯಿತು, ಮಾತು ನಿಂತುಹೋಯಿತು. ಆಗ ನಾನು ಸ್ವಾಮಿಯ ಮುಂದೆ ನಿಂತು ಅಂದುಕೊಂಡಿದ್ದೆ, ಹೋಗಲಿ, ಹಾಡುಗಳನ್ನಾದರೂ ಉಳಿಸಿಕೊಟ್ಟೆಯಲ್ಲ ತಂದೆ, ಅದೇ ದೊಡ್ಡದು ಎಂದು.

ಶಿವರಾತ್ರಿ ಆದಮೇಲಿನ ಶನಿವಾರ. ಗುಡಿಯಲ್ಲಿ ಎಲ್ಲರೂ ಫೋನು ಹಿಡಿದು ಹಾಡುತ್ತಿದ್ದೇವೆ. ಎರಡನೇ ಚರಣ ಮುಗಿಯಿತು. ತಾಳ ನಡೆಯುತ್ತಿದೆ, ಹಾಡಿಲ್ಲ.

"ಮೂರನೇದು ಎಲ್ಲೋಯ್ತಮ್ಮ?" ಅಂದರು ಒಬ್ಬರು.

"ನಂದರಲ್ಲೂ ಇಲ್ಲ ಕಣೇ."

ಇನ್ನೊಂದು ಹಾಡು ತೆರೆದೆ. ಅದರಲ್ಲೂ ಇಲ್ಲ. ದೊಡ್ಡತ್ತೆಯ ಹೆಸರೂ ಇಲ್ಲ. ಆ ಜಾಗದಲ್ಲಿ ಹೊಸ ಬಣ್ಣದಲ್ಲಿ 'ಸಂಗ್ರಹ ಮತ್ತು ವಿನ್ಯಾಸ' ಎಂದು ಮೈದುನನ ಹೆಸರು.

ಮನೆಗೆ ಬಂದು ಕೇಳಿದೆ. ಕಾಲೇಜಿನಲ್ಲಿ ಪ್ರಿನ್ಸಿಪಾಲರಿಗೆ ತೋರಿಸುವುದಿತ್ತಂತೆ. ಬಣ್ಣ ಬದಲಾಯಿಸಿ, ಹೆಸರು ಹಾಕಿ, ಆ ಒಂದು ಸಾಲು ಮತ್ತೆ ಹೊಡೆದನಂತೆ.

"ನೀವು ತಿದ್ದಿದ್ದು ತಯಾರಾದ ಪುಟದಲ್ಲಿ ಅತ್ತಿಗೆ. ಮೂಲ ಬೇರೆ ಫೋಲ್ಡರಲ್ಲಿರ್ತದೆ. ಬಿಲ್ಡ್ ಮಾಡಿದಾಗ ಹಳೇ ಪುಟ ಅಳಿಸಿ ಮೂಲದಿಂದ ಹೊಸದು ಕಟ್ತದೆ. ಅಲ್ಲಿ ಹೋಗಿ ಯಾರಾದ್ರೂ ಬರೀತಾರಾ?"

"ನೀನೇ ತೋರಿಸಿದ್ದಲ್ಲಪ್ಪ ಅದನ್ನ!"

"ಒಂದಕ್ಷರ ಎರಡಕ್ಷರ ತಿದ್ತೀರಾ ಅಂದ್ಕೊಂಡೆ. ನೀವು ಇಷ್ಟೆಲ್ಲ ಬರೀತೀರಾ ಅಂತ ನನಗೇನು ಗೊತ್ತು?"

ಹಳೆಯ ಪ್ರತಿ ಎಲ್ಲಾದರೂ ಇರಬೇಕಲ್ಲ ಎಂದು ನನ್ನ ಯಜಮಾನರು ಕೇಳಿದರು. ಬ್ಯಾಕಪ್ ಇದೆ ಎಂದು ಮೈದುನ ಎದೆಯುಬ್ಬಿಸಿ ತೆರೆದ. ಅದರಲ್ಲಿದ್ದುದು ಅವನ ಮೂಲ ಮಾತ್ರ. ತಯಾರಾದ ಪುಟ ಹೇಗಿದ್ದರೂ ಮತ್ತೆ ಹುಟ್ಟುತ್ತದೆ, ಅದನ್ನೇಕೆ ಕಾಪಾಡುವುದು ಎಂದು ಬಿಟ್ಟಿದ್ದನಂತೆ.

ನನಗೆ ಮೈಯೆಲ್ಲ ಉರಿಯಿತು. ಶಾವಿಗೆ ಒತ್ತುವವಳಿಗೆ ಗೊತ್ತು, ಉಪ್ಪು ಕಡಿಮೆಯಾದರೆ ಹಿಟ್ಟಿಗೆ ಹಾಕಬೇಕು, ಒತ್ತಿದ ಎಳೆಗಲ್ಲ. ಇಷ್ಟು ಹೇಳಿದ್ದರೆ ನನಗೆ ಅರ್ಥವಾಗುತ್ತಿತ್ತು. ಹೇಳಲು ಎಷ್ಟು ಹೊತ್ತು ಬೇಕಿತ್ತು? ಇವಳಿಗೆ ಯಾಕೆ ಅಂದುಕೊಂಡ, ಅಷ್ಟೇ. ತರಗತಿಯಲ್ಲಿ ಹುಡುಗರಿಗೆ ದಿನವಿಡೀ ಹೇಳುವುದನ್ನು ಮನೆಯ ಹೆಂಗಸಿಗೆ ಒಂದು ಸಲ ಹೇಳಲಿಲ್ಲ.

"ನೀನೂ ಹುಳುಮನೇಲೇ ಬೆಳೆದೋನು," ಅಂದೆ. "ಹುಳುವಿನ ಹಾಸಿಗೆ ಬದಲಾಯಿಸೋವಾಗ ಏನು ಮಾಡ್ತೀವಿ? ಬಲೆ ಹಾಸಿ, ಹೊಸ ಸೊಪ್ಪು ಹಾಕಿ, ಹುಳು ಮೇಲಕ್ಕೆ ಹತ್ತಿದ ಮೇಲೆ ತಾನೆ ಕೆಳಗಿನ ಕಸ ಎತ್ತೋದು? ನೀನು ಹುಳು ಸಮೇತ ತಿಪ್ಪೆಗೆ ಸುರಿದೆಯಲ್ಲೋ! ಒಳಗೆ ಏನೈತೆ ಅಂತ ಒಂದ್ಸಾರಿ ಬಗ್ಗಿ ನೋಡಕ್ಕೆ ಏನಾಗಿತ್ತು ನಿನಗೆ?"

"ಅತ್ತಿಗೆ, ಕೂಗಬೇಡಿ. ದೊಡ್ಡಮ್ಮಂಗೆ ಕೇಳಿಸ್ತದೆ."

"ಕೇಳಿಸ್ಲಿ. ಮಾತು ಹೋಗಿರೋದು, ಕಿವಿ ಹೋಗಿಲ್ಲ ಅವರಿಗೆ."

ದೊಡ್ಡತ್ತೆ ನಡುಮನೆಯ ಮಂಚದಿಂದ ನೋಡುತ್ತಿದ್ದರು. ಹತ್ತಿರ ಹೋಗಿ ಕೂತು ಮೂರನೇ ಚರಣದ ಮೊದಲ ಮಾತು ಎತ್ತಿದೆ. ಮುಂದೆ ನನಗೆ ಬರಲಿಲ್ಲ. ಬರೆದಾಯಿತಲ್ಲ ಎಂದು ನಾನು ಬಾಯಿಪಾಠ ಮಾಡಿರಲಿಲ್ಲ. ಅವರ ತುಟಿ ನಡುಗಿತು, ದನಿ ಬರಲಿಲ್ಲ. ಕಣ್ಣಿನಲ್ಲಿ ನೀರು ಬಂತು. ಯಾರು ಏನೇ ಹೇಳಲಿ, ಆ ಕಣ್ಣೀರಿಗೆ ಮೈದುನ ಜವಾಬು ಕೊಡಬೇಕು.

ಮರುದಿನ ಎದುರುಮನೆಯ ಅಕ್ಕ ಬಂದರು. ಡೈರಿಗೆ ಹಾಲು ಹಾಕುವವರು, ಹಿಂದಿನ ಸಂಜೆ ಭಜನೆಗೆ ಬಂದಿರಲಿಲ್ಲ. ಫೋನಿನಲ್ಲಿ ತೆರೆದ ಪುಟ ಮುಚ್ಚಲು ಅವರಿಗೆ ಬರುವುದಿಲ್ಲ. ಒಂದರ ಮೇಲೊಂದು ತೆರೆದುಕೊಂಡೇ ಹೋಗುತ್ತಾರೆ. ಭಜನೆಯಲ್ಲಿ ಇದಕ್ಕೆ ಎಲ್ಲರೂ ಅವರನ್ನು ಆಡಿಕೊಳ್ಳುತ್ತಿದ್ದೆವು. ರೀಚಾರ್ಜ್ ಬೇರೆ ಮುಗಿದುಹೋಗಿತ್ತು.

"ನೋಡೇ, ನಂದರಲ್ಲಿ ದೊಡ್ಡತ್ತೆ ಹೆಸರು ಇನ್ನೂ ಐತೆ," ಅಂದರು.

ನೋಡಿದೆ. ಮೂರನೇ ಚರಣ ಇತ್ತು! ಒಳಗಿನಿಂದ ಬಂದ ಮೈದುನ ಕೈ ಚಾಚಿದ. "ಕೊಡಿ ಅಕ್ಕ, ನನ್ನ ನೆಟ್ ಕೊಟ್ಟು ರಿಫ್ರೆಶ್ ಮಾಡಿ ನೋಡ್ತೀನಿ."

ಅದರ ಅರ್ಥ ನನಗೆ ಆಗ ಪೂರ್ತಿ ಗೊತ್ತಿರಲಿಲ್ಲ. ಆದರೂ ಅವನ ಕೈ ಕಂಡರೆ ಸಾಕಿತ್ತು. ಫೋನು ಕಿತ್ತುಕೊಂಡು ಸೆರಗಿನೊಳಗೆ ಹಿಡಿದೆ. "ಇದನ್ನ ಮುಟ್ಟಿದ್ರೆ ನೋಡು! ನೆಟ್ಟೂ ಬೇಡ, ನಿನ್ನ ಸಹಾಯಾನೂ ಬೇಡ."

ಅವನಿಗೆ ಆಮೇಲೆ ಹೊಳೆಯಿತು. ನೆಟ್ ಬಂದಿದ್ದರೆ ಆ ಹಳೆಯ ಪುಟವೂ ಹೋಗಿ ಹೊಸದು ಬರುತ್ತಿತ್ತು. ಚಾಚಿದ್ದ ಕೈ ಹಿಂದಕ್ಕೆ ಎಳೆದುಕೊಂಡ. "ನಾನೊಬ್ಬ..." ಎಂದು ಶುರುಮಾಡಿ ನಿಲ್ಲಿಸಿದ. ಎದುರುಮನೆ ಅಕ್ಕ ಬಿಡಲಿಲ್ಲ. "ಮುಚ್ಚಕ್ಕೆ ಬರದೋಳೇ ವಾಸಿ ಕಣಪ್ಪ, ಅಳ್ಸಕ್ಕೆ ಬರೋನಿಗಿಂತ."

ಪುಟಗಳನ್ನು ಒಂದೊಂದಾಗಿ ನನ್ನ ಫೋನಿನಲ್ಲಿ ಫೋಟೋ ಹಿಡಿದೆ. ಅಕ್ಕ ತೆರೆದಿದ್ದಷ್ಟು ಹಾಡು ಸಿಕ್ಕಿತು. ಅವರು ತೆರೆಯದ ಹಾಡುಗಳ ಚರಣಗಳು ಸಿಗಲಿಲ್ಲ, ಇನ್ನು ಸಿಗುವುದೂ ಇಲ್ಲ. ಸಿಕ್ಕಿದ್ದಕ್ಕೆ ಸ್ವಾಮಿಗೆ ವೀಳ್ಯದೆಲೆ ಹಾರ ಹಾಕಿಸಿದೆ. ಒಬ್ಬಳ ಫೋನಿಗೆ ರೀಚಾರ್ಜ್ ಮುಗಿದದ್ದೂ ದೇವರ ದಯೆಯೇ ಎಂದು ನನಗೆ ಮೊದಲು ತಿಳಿದಿರಲಿಲ್ಲ.

ಮೈದುನನನ್ನು ಅಡುಗೆಮನೆಯ ನೆಲದ ಮೇಲೆ ಕೂರಿಸಿ, ಮೂಲ ಯಾವುದು, ತಯಾರಾದದ್ದು ಯಾವುದು, ಆ ಸಾಲು ಹೊಡೆದರೆ ಏನು ಅಳಿಯುತ್ತದೆ, ಎಲ್ಲ ಹೇಳಿಸಿಕೊಂಡೆ. ಬಗ್ಗಿಸಿದ ತಲೆ ಎತ್ತದೆ ಹೇಳಿದ. ಕಷ್ಟದ ವಿದ್ಯೆಯೇನಲ್ಲ ಅದು. ಈಗ ಮೂಲದಲ್ಲೇ ಬರೆಯುತ್ತೇನೆ, ಆ ಸಾಲನ್ನೂ ನಾನೇ ಹೊಡೆಯುತ್ತೇನೆ. ಎಲ್ಲ ಪುಟಕ್ಕೂ ಅಚ್ಚಿನಂತಿರುವ ಕಡತವೊಂದಿದೆ. ಅದರಲ್ಲಿ ಅವನ ಹೆಸರು ತೆಗೆದು ದೊಡ್ಡತ್ತೆಯದನ್ನು ಹಾಕಿದ್ದೇನೆ. ಎಷ್ಟು ಸಲ ಅಳಿಸಿ ಕಟ್ಟಿದರೂ ಹೆಸರು ಬರುತ್ತದೆ.

ಸಿಗದ ಚರಣಗಳ ಜಾಗದಲ್ಲಿ 'ಇಲ್ಲಿ ಇನ್ನೊಂದು ಚರಣವಿತ್ತು' ಎಂದು ಬರೆದೆ.

"ಅದು ನೋಡೋಕೆ ಚೆನ್ನಾಗಿಲ್ಲ ಅತ್ತಿಗೆ. ತೆಗೆದುಬಿಡಿ. ಇತ್ತು ಅಂತ ಯಾರಿಗೆ ಗೊತ್ತಾಗ್ತದೆ?" ಅಂದ.

"ಗೊತ್ತಾಗಲಿ ಅಂತಾನೇ ಹಾಕಿರೋದು," ಅಂದೆ.

ಶನಿವಾರ ದೊಡ್ಡತ್ತೆಯನ್ನು ಕುರ್ಚಿಯಲ್ಲಿ ಕೂರಿಸಿ ಗುಡಿಗೆ ಕರೆದೊಯ್ಯುತ್ತೇವೆ. 'ಇನ್ನೊಂದು ಚರಣವಿತ್ತು' ಎಂಬ ಸಾಲು ಬಂದಾಗ ನಾವು ಮುಂದಿನ ಹಾಡಿಗೆ ಹೋಗುವುದಿಲ್ಲ. ಒಂದು ಚರಣದಷ್ಟು ಹೊತ್ತು ಬರೀ ತಾಳ ಹಾಕುತ್ತೇವೆ. ಚರಣ ಎಲ್ಲಿ ಮುಗಿಯುತ್ತದೆ ಎಂದು ನಮಗೆ ಗೊತ್ತಿಲ್ಲ, ದೊಡ್ಡತ್ತೆಗೆ ಗೊತ್ತು. ಅವರ ಎಡಗೈ ತೊಡೆಯ ಮೇಲೆ ತಟ್ಟುತ್ತಿರುತ್ತದೆ. ಅದು ನಿಂತಾಗ ನಾವು ಪಲ್ಲವಿ ಎತ್ತುತ್ತೇವೆ. ಮೈದುನ ಬಾಗಿಲ ಹತ್ತಿರ ಚಪ್ಪಲಿಗಳ ಪಕ್ಕ ನಿಂತಿರುತ್ತಾನೆ. ಒಳಗೆ ಬಾ ಎಂದು ನಾನು ಇನ್ನೂ ಕರೆದಿಲ್ಲ. ಕರೆಯುವ ಮನಸ್ಸು ಕೊಡುವುದು ಸ್ವಾಮಿಯ ಕೆಲಸ. ಅವನು ಇನ್ನೂ ಕೊಟ್ಟಿಲ್ಲ.