ಅಂಗೈ ಎಳೆದ ನಳ

ಖಾನಾಪುರದ ಉಳವಪ್ಪ ಬೆಳಗಾವಿಯ ನೀರಿನ ಖಾತೆಯಲ್ಲಿ ವಾಲ್ವ್‌ಮನ್ ಆಗಿ ಸೇರಿದ್ದು 1968ರಲ್ಲಿ. ರಾಕಸಕೊಪ್ಪದ ಜಲಾಶಯದ ನೀರು ಶುದ್ಧವಾಗಿ ಎತ್ತರದ ಟಾಕಿಗೆ ಬರುತ್ತಿತ್ತು. ಅಲ್ಲಿಂದ ಇಳಿದ ನೀರನ್ನು ಗಲ್ಲಿಗಳಿಗೆ ಹಂಚುವುದು ಅವನ ಕೆಲಸ. ಎಲ್ಲ ಕಡೆ ಒಮ್ಮೆಲೇ ಬಿಟ್ಟರೆ ಯಾರಿಗೂ ಸಾಲದು. ಸೈಕಲ್ಲಿಗೆ ಉದ್ದನೆಯ ಕಬ್ಬಿಣದ ಚಾವಿ ಕಟ್ಟಿಕೊಂಡು ಹೋಗಿ ಒಂದು ಗಲ್ಲಿಯ ವಾಲ್ವ್ ತೆರೆಯುವನು, ಒಂದೂವರೆ ತಾಸಿಗೆ ಅದನ್ನು ಮುಚ್ಚಿ ಮುಂದಿನದಕ್ಕೆ ಹೋಗುವನು.

1979ರ ಮಳೆಗಾಲದಲ್ಲಿ ಅವನ ಪಾಳಿಯ ಒಂದು ಏರು ಗಲ್ಲಿಯಲ್ಲಿ ಕಾಮಣಿ, ಅಂದರೆ ಕಾಮಾಲೆ ರೋಗ, ಹಬ್ಬಿತು. ಅದೇ ಗಲ್ಲಿಯ ದರ್ಜಿ ನಾಗಲಿಂಗ ಅದರಿಂದ ತೀರಿಕೊಂಡ. ಓವರ್‌ಸಿಯರ್ ಬಾಳಾಸಾಹೇಬರು ಟಾಕಿಯ ನೀರನ್ನು ತಪಾಸಣೆಗೆ ಕಳಿಸಿದರು. ದೋಷವಿಲ್ಲವೆಂದು ವರದಿ ಬಂತು.

ಏರಿನ ತುದಿಯಲ್ಲಿ ಅಕ್ಕಾತಾಯಿಯ ಮನೆ. ಜೈನರಾದ್ದರಿಂದ ಆ ಮನೆಯಲ್ಲಿ ಪ್ರತಿ ಕೊಡವನ್ನೂ ದಪ್ಪ ಬಟ್ಟೆಯಲ್ಲಿ ಸೋಸುತ್ತಿದ್ದರು. ಆದರೂ ಸೊಸೆ ಕಾಂತಾ ಕಾಮಣಿಯಿಂದ ಮಲಗಿದ್ದಳು. ಒಂದು ಬೆಳಿಗ್ಗೆ ಅಕ್ಕಾತಾಯಿ ಉಳವಪ್ಪನನ್ನು ಕರೆದು ಎರಡು ಬಟ್ಟೆ ತೋರಿಸಿದಳು.

"ಇದು ಮೊದಲನೇ ಕೊಡದ್ದು, ಇದು ಐದನೇದ್ದು. ನೀನ ನೋಡಪಾ."

ಮೊದಲನೆಯದರಲ್ಲಿ ಕರಿ ರಾಡಿ ಇತ್ತು, ಗಟಾರದ ವಾಸನೆ ಹೊಡೆಯುತ್ತಿತ್ತು. ಐದನೆಯದು ಸ್ವಚ್ಛ.

ಉಳವಪ್ಪ ಏರು ಇಳಿದು ಹೋದ. ವೇಳೆಯಾದಾಗ ವಾಲ್ವ್ ಮುಚ್ಚಿ ಮತ್ತೆ ಏರು ಹತ್ತಿ ಬಂದ. ನೀರು ನಿಂತಿದ್ದ ಅವಳ ಮನೆಯ ನಳದ ಬಾಯಿಗೆ ಅಂಗೈ ಒತ್ತಿದ. ನಳ ಅಂಗೈಯನ್ನು ಒಳಕ್ಕೆ ಎಳೆಯಿತು.

ಮರುದಿನ ಆಫೀಸಿಗೆ ಹೋಗಿ ಹೇಳಿದ: "ಸಾಹೇಬ್ರ, ನಾ ಬಂದ್ ಮಾಡಿದ ಮ್ಯಾಲ ಪೈಪಿನ್ಯಾಗಿನ ನೀರು ತೆಳಗಿನ ಮನಿಗೋಳ ನಳಕ್ಕ ಇಳೀತೈತ್ರಿ. ಮ್ಯಾಲಿನ ಪೈಪು ಖಾಲಿ ಆಗಿ ಎಲ್ಲೋ ತೂತಿನ್ಯಾಗಿಂದ ಗಟಾರ ಹೀರಾಕತ್ತೈತಿ. ಮತ್ತ ನೀರು ಬಿಟ್ಟಾಗ ಅದ ರಾಡಿ ಮೊದಲನೇ ಕೊಡಕ್ಕ ಬರತೈತಿ."

"ಪೈಪು ಎಲ್ಲರೆ ಹೀರತೈತೇನೋ?" ಎಂದು ಬಾಳಾಸಾಹೇಬರು ನಕ್ಕರು. ಆದರೆ ಆ ಗಲ್ಲಿಗೆ ಮತ್ತೆ ನೀರು ಬಿಟ್ಟ ದಿನ, ವಾಲ್ವ್ ಮುಚ್ಚಿದ ಮೇಲೆ ತಾವೇ ಬಂದು ನಳಕ್ಕೆ ಕೈ ಒತ್ತಿ ನೋಡಿದರು. ಅಂದೇ ಅಗೆಯಲು ಜನರನ್ನು ಕರೆಸಿದರು. ಗಟಾರದ ತಳದಲ್ಲಿ ಹಾದುಹೋದ ಪೈಪು ತುಕ್ಕು ಹಿಡಿದು, ಹೆಬ್ಬೆರಳು ಹೋಗುವಷ್ಟು ತೂತಾಗಿತ್ತು. ಹೊಸ ಪೈಪನ್ನು ಗಟಾರದ ಮೇಲಿನಿಂದ ಹಾಯಿಸಿದರು. ಕಾಂತಾ ತಿಂಗಳೊಳಗೆ ಎದ್ದು ಓಡಾಡಿದಳು.

ಆಫೀಸಿನಲ್ಲಿ ಎಲ್ಲರೂ ಉಳವಪ್ಪನನ್ನು ಹೊಗಳಿದರು. ಅವನಿಗೆ ಅದು ಹಿತವೆನಿಸಲಿಲ್ಲ. ಹನ್ನೊಂದು ವರ್ಷ ಆ ವಾಲ್ವ್ ಮುಚ್ಚಿದ್ದು ಅವನ ಕೈಯೇ. ಒಂದು ಮಧ್ಯಾಹ್ನ ನಾಗಲಿಂಗನ ಹೆಂಡತಿ ಮಾಯವ್ವನ ಮನೆಗೆ ಹೋಗಿ, ಕೂರದೆ, ಹೊಸ್ತಿಲಲ್ಲೇ ನಿಂತು ಎಲ್ಲವನ್ನೂ ಹೇಳಿದ.

"ಬಂದ್ ಮಾಡ್ತಿದ್ದಾಂವ ನಾನರಿ, ಅವ್ವಾರ."

ಮಾಯವ್ವ ತುಂಬಿಟ್ಟ ಕೊಡದ ಕಡೆ ನೋಡಿದಳು. ಆಮೇಲೆ ಕೇಳಿದಳು: "ಈಗರೆ ಕುಡೀಬೌದೇನ್ರಿ?"

"ಮೊದಲಿನ ನೀರು ಚೆಲ್ರಿ. ಉಳಿದದ್ದು ಕುದಿಸಿ ಕುಡೀರಿ."

ಪೈಪು ಖಾಲಿಯಾಗದಿರಲೆಂದು ಉಳವಪ್ಪ ವಾಲ್ವನ್ನು ಪೂರ್ತಿ ಮುಚ್ಚದೆ ಎರಡು ಸುತ್ತು ಬಿಟ್ಟು ನೋಡಿದ. ಮುಂದಿನ ಗಲ್ಲಿಗೆ ನೀರು ಏರಲಿಲ್ಲ. ಮತ್ತೆ ಮೊದಲಿನಂತೆಯೇ ಮುಚ್ಚಬೇಕಾಯಿತು. ಅಂದಿನಿಂದ ಕೆಲಸ ಮುಗಿದ ಮೇಲೆ ಗಟಾರಗಳ ಗುಂಟ ನಡೆದು, ಪೈಪು ಎಲ್ಲೆಲ್ಲಿ ಅವುಗಳೊಳಗೆ ಹಾಯ್ದಿದೆಯೆಂದು ನೋಡಿ ಬಾಳಾಸಾಹೇಬರಿಗೆ ಹೇಳುತ್ತಿದ್ದ. ಕೆಲವು ಬೇಗ ಬದಲಾದವು, ಕೆಲವಕ್ಕೆ ವರ್ಷಗಳು ಹಿಡಿದವು.

1986ರಲ್ಲಿ ನಿವೃತ್ತನಾದಾಗ ಇನ್ನೂ ಒಂಬತ್ತು ಕಡೆ ಪೈಪು ಗಟಾರದೊಳಗೇ ಇತ್ತು. ಹೊಸ ವಾಲ್ವ್‌ಮನ್ ಸತ್ಯಪ್ಪನಿಗೆ ಒಂಬತ್ತನ್ನೂ ನಡೆಸಿ ತೋರಿಸಿ, ಖಾನಾಪುರದ ಬಸ್ಸು ಹತ್ತಿದ.